ಮಾತಾಡಿ ಮಾತಾಡಿಯೇ ಮಸೂದೆ ಮುಳುಗಿಸೋದು: ಇದು ಹಕ್ಕೋ, ಕಿತಾಪತಿಯೋ?

ಬಿ_ಬ್ಲಾಕ್_ಬಡಪಾಯಿ

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆ ಇತ್ತು. ಮುಖ್ಯ ವಿಷಯ ಒಂದೇ, ಮೇಂಟೆನೆನ್ಸ್ ಏರಿಸಬೇಕೋ ಬೇಡವೋ. ಏರಿಸಬೇಕು ಅನ್ನುವವರೇ ಜಾಸ್ತಿ ಇದ್ದರು. ಕೈ ಎತ್ತಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಏಳೂವರೆಗೆ ಮೂರನೇ ಮಹಡಿಯ ಅಂಕಲ್ ಒಬ್ಬರು ಎದ್ದು ನಿಂತು, ‘ಎರಡೇ ಮಾತು ಹೇಳ್ತೀನಿ’ ಅಂದರು.

ಬೋರ್‌ವೆಲ್ ಕೊರೆಸಿದ ಕಥೆಯಿಂದ ಶುರುವಾಯಿತು. ಲಿಫ್ಟ್, ಸಂಪು, ಸೆಕ್ಯುರಿಟಿಯವನ ರಾತ್ರಿ ನಿದ್ದೆ, ಮಗಳ ಮದುವೆ ದಿನ ಬೀಗರ ಕಾರಿಗೆ ಜಾಗ ಸಿಗದೇ ಹೋದದ್ದು, ಎಲ್ಲ ಬಂತು. ಹಾಲ್ ನಮಗೆ ಇದ್ದದ್ದು ಒಂಬತ್ತರವರೆಗೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹಾಲ್ ನೋಡಿಕೊಳ್ಳುವವನು ಫ್ಯಾನ್ ಆರಿಸಿ, ಬೀಗ ಅಲ್ಲಾಡಿಸುತ್ತಾ ಬಾಗಿಲಲ್ಲಿ ನಿಂತ. ಮತ ಹಾಕಲು ಆಗಲೇ ಇಲ್ಲ. ಎರಡು ವಾರ ಮುಂದಕ್ಕೆ ಹೋಯಿತು. ಅಂಕಲ್ ನಗುತ್ತಾ ಇಳಿದು ಹೋದರು.

ಮನೆಗೆ ಬಂದು ಹೇಳಿದಾಗ ಅಕ್ಕನ ಮಗ ‘ಮಾಮ, ಇದಕ್ಕೆ ಫಿಲಿಬಸ್ಟರ್ ಅಂತಾರೆ, ಅಮೆರಿಕದಲ್ಲಿ ದಿನಾ ನಡೆಯುತ್ತೆ’ ಅಂದ. ಇದು ಶುರುವಾದದ್ದು ಹೇಗೆ? ಇದಕ್ಕೆ ಅವಕಾಶ ಕೊಟ್ಟವರು ಯಾರು? ತಿಳಿದವರು ಹೇಳಿ.

ಪಾಳುಕೋಟೆ

ನಿಮ್ಮ ಅಂಕಲ್ ಹಾಕಿದ್ದು ಎರಡು ಸಾವಿರ ವರ್ಷ ಹಳೆಯ ಪಟ್ಟು.

ರೋಮಿನ ಸೆನೆಟ್‌ನಲ್ಲಿ ಅಭಿಪ್ರಾಯ ಹೇಳಲು ಎದ್ದವನನ್ನು ಯಾರೂ ಕೂರಿಸುವ ಹಾಗಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ, ಯಾವ ವಿಷಯ ಬೇಕಾದರೂ ಮಾತಾಡಬಹುದಿತ್ತು. ಇನ್ನೊಂದು ಕಡೆ, ಕತ್ತಲಾದ ಮೇಲೆ ನಿರ್ಣಯ ಮಾಡುವ ಹಾಗೂ ಇರಲಿಲ್ಲ. ಈ ಎರಡು ಪದ್ಧತಿ ಒಂದೇ ಮನೆಯಲ್ಲಿದ್ದರೆ ಏನಾಗುತ್ತೆ ಅಂತ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವನು ಕಿರಿಯ ಕೇಟೋ ಅನ್ನುವ ಸೆನೆಟರ್.

ಕ್ರಿ.ಪೂ. 60ರಲ್ಲಿ ಜೂಲಿಯಸ್ ಸೀಸರ್ ಸ್ಪೇನ್ ಕಡೆ ಗೆದ್ದು ಬಂದ. ಅವನಿಗೆ ವಿಜಯದ ಮೆರವಣಿಗೆಯೂ ಬೇಕು, ಕಾನ್ಸಲ್ ಅನ್ನುವ ಅತಿ ದೊಡ್ಡ ಹುದ್ದೆಯ ಚುನಾವಣೆಗೂ ನಿಲ್ಲಬೇಕು. ಮೆರವಣಿಗೆ ಆಗುವವರೆಗೆ ಸೇನಾಪತಿ ಊರೊಳಗೆ ಕಾಲಿಡಬಾರದು. ಚುನಾವಣೆಗೆ ಹೆಸರು ಕೊಡಬೇಕಾದರೆ ಊರೊಳಗೇ ಬರಬೇಕು. ಹೊರಗಿಂದಲೇ ಹೆಸರು ಕೊಡಲು ಬಿಡಿ ಅಂತ ಸೆನೆಟ್‌ಗೆ ಹೇಳಿ ಕಳಿಸಿದ. ಕೇಟೋ ಎದ್ದವನು ಹೊತ್ತು ಮುಳುಗುವವರೆಗೆ ಕೂರಲಿಲ್ಲ. ಸೀಸರ್ ಲೆಕ್ಕ ಹಾಕಿ ಮೆರವಣಿಗೆ ಬಿಟ್ಟ, ಊರೊಳಗೆ ಬಂದ, ಚುನಾವಣೆ ಗೆದ್ದ.

ಮರುವರ್ಷ ಜಮೀನು ಹಂಚುವ ಮಸೂದೆ ಬಂದಾಗ ಕೇಟೋ ಮತ್ತೆ ಅದೇ ರಾಗ. ಈಗ ಸೀಸರ್ ಕಾನ್ಸಲ್. ‘ಇವನನ್ನು ಎಳೆದುಕೊಂಡು ಹೋಗಿ ಸೆರೆಗೆ ಹಾಕಿ’ ಅಂದ. ಸೆನೆಟರುಗಳು ಎದ್ದು ಕೇಟೋನ ಹಿಂದೆಯೇ ಹೊರಟರು. ‘ಇಲ್ಲಿ ನಿನ್ನ ಜತೆ ಇರೋದಕ್ಕಿಂತ ಅಲ್ಲಿ ಅವನ ಜತೆ ಇರೋದು ವಾಸಿ’ ಅಂತ ಒಬ್ಬ ಮುಖಕ್ಕೇ ಹೇಳಿದನಂತೆ. ಸೀಸರ್ ನಾಚಿ ಕೇಟೋನನ್ನು ಬಿಡಿಸಿದ. ಆದರೆ ಮಸೂದೆಯನ್ನು ಸೆನೆಟ್‌ನಿಂದ ಎತ್ತಿಕೊಂಡು ನೇರ ಜನರ ಸಭೆಗೆ ಒಯ್ದು ಪಾಸು ಮಾಡಿಸಿಕೊಂಡ. ಅಂದರೆ ಕೇಟೋ ಎರಡು ಸಲವೂ ಆ ದಿನ ಗೆದ್ದ, ಆಮೇಲೆ ಸೋತ.

ಓಹಾಯೋ_ಅಕ್ಕ

ಫಿಲಿಬಸ್ಟರ್ ಅನ್ನುವ ಪದ ಬಂದ ದಾರಿಯೂ ಮಜವಾಗಿದೆ. ಮೂಲದಲ್ಲಿ ಅದು ಲೂಟಿಕೋರ ಅನ್ನುವ ಅರ್ಥದ ಡಚ್ ಪದ. ಸ್ಪ್ಯಾನಿಷ್‌ನಲ್ಲಿ ‘ಫಿಲಿಬುಸ್ತೆರೊ’ ಆಗಿ, ಕೆರಿಬಿಯನ್ ಕಡಲ್ಗಳ್ಳರ ಹೆಸರಾಯಿತು. 1850ರ ದಶಕದಲ್ಲಿ ಕೆಲವು ಅಮೆರಿಕನ್ನರು ಸರ್ಕಾರದ ಅಪ್ಪಣೆ ಇಲ್ಲದೇ ಗುಂಪು ಕಟ್ಟಿಕೊಂಡು ಪಕ್ಕದ ದೇಶಗಳ ಮೇಲೆ ದಾಳಿಗೆ ಹೋಗುತ್ತಿದ್ದರು. ವಿಲಿಯಂ ವಾಕರ್ ಅನ್ನುವವನಂತೂ 1856ರಲ್ಲಿ ನಿಕರಾಗುವಾದ ಅಧ್ಯಕ್ಷನೇ ಆಗಿ ಕೂತುಬಿಟ್ಟ. 1860ರಲ್ಲಿ ಹೊಂಡುರಾಸ್‌ನಲ್ಲಿ ಗುಂಡಿಟ್ಟು ಕೊಂದರು. ಇಂಥವರಿಗೆ ಫಿಲಿಬಸ್ಟರ್ ಅನ್ನುತ್ತಿದ್ದರು. ಸದನವನ್ನು ಹಿಡಿದಿಟ್ಟುಕೊಳ್ಳುವ ಸದಸ್ಯರಿಗೂ ಅದೇ ಬೈಗುಳ ಅಂಟಿಕೊಂಡಿತು.

ಕಡಲತಡಿ

ಮಾರಾಯ್ರೇ, ಇವರಿಗೆ ನಮ್ಮ ತಾಳಮದ್ದಳೆ ಅರ್ಥಧಾರಿಗಳ ಪರಿಚಯ ಇಲ್ಲ ಅನ್ನಿಸುತ್ತೆ. ಕೃಷ್ಣ ಸಂಧಾನಕ್ಕೆ ಬಂದ ಅಂತ ಕೂತರೆ ಬೆಳಗಿನ ಜಾವದವರೆಗೆ ಕೌರವ ಒಂದು ಹಳ್ಳಿ ಬಿಟ್ಟುಕೊಡುವುದಿಲ್ಲ!

ಇದಕ್ಕೆ ಕನ್ನಡದಲ್ಲಿ ಏನು ಅನ್ನಬಹುದು? ‘ಮಾತಿನ ಧರಣಿ’ ಹೇಗೆ?

ಹುಬ್ಬಳ್ಳಿ_ಮಂಡಿ

‘ಮಾತಿನ ಧರಣಿ’ ಚಲೋ ಐತಿ. ಒಂದು ಪ್ರಶ್ನೆ ಇದೆ, ಎಲ್ಲರ ಮನಸ್ಸಿನಲ್ಲೂ ಇರುವುದೇ. ಹಿಂಗ ತಾಸುಗಟ್ಟಲೆ ನಿಂತು ಮಾತಾಡುವವರು ಬಾತ್‌ರೂಮಿಗೆ ಹೋಗುವುದು ಯಾವಾಗ ರೀ?

ಓಹಾಯೋ_ಅಕ್ಕ

ಹುಬ್ಬಳ್ಳಿಯವರೇ, ಅಮೆರಿಕದ ಮೇಲ್ಮನೆಯಾದ ಸೆನೆಟ್‌ನ ಇತಿಹಾಸದ ಅರ್ಧ ಭಾಗ ಅದೇ ಪ್ರಶ್ನೆಯ ಮೇಲೆ ನಿಂತಿದೆ. ಅಲ್ಲಿಗೆ ಬರುತ್ತೇನೆ. ಮೊದಲು ಬಡಪಾಯಿಯವರ ಪ್ರಶ್ನೆಗೆ ಉತ್ತರ. ಯಾರು ಅವಕಾಶ ಕೊಟ್ಟರು? ಯಾರೂ ಬೇಕು ಅಂತ ಕೊಡಲಿಲ್ಲ.

ಸಂವಿಧಾನದಲ್ಲಿ ಫಿಲಿಬಸ್ಟರ್ ಅನ್ನುವುದೇ ಇಲ್ಲ. ಶುರುವಿನಲ್ಲಿ ಎರಡೂ ಸದನಗಳ ನಿಯಮದಲ್ಲಿ ಚರ್ಚೆ ಬಿಟ್ಟು ಮೂಲ ಪ್ರಶ್ನೆಗೆ ಬರೋಣ ಅನ್ನುವ ಒಂದು ಸೂಚನೆ ಇತ್ತು. ಸೆನೆಟ್‌ನಲ್ಲಿ ಅದನ್ನು ಬಳಸಿದ್ದೇ ಅಪರೂಪ. 1805ರಲ್ಲಿ ಉಪಾಧ್ಯಕ್ಷ ಆರನ್ ಬರ್ ಹುದ್ದೆ ಬಿಡುವಾಗ ‘ನಿಮ್ಮ ನಿಯಮಗಳು ಜಾಸ್ತಿ ಆಗಿವೆ, ಸ್ವಲ್ಪ ಚೊಕ್ಕ ಮಾಡಿಕೊಳ್ಳಿ, ಇದು ಬೇಕಾಗಿಲ್ಲ’ ಅನ್ನುವ ಅರ್ಥದ ಸಲಹೆ ಕೊಟ್ಟ. ಹಿಂದಿನ ವರ್ಷವಷ್ಟೇ ದ್ವಂದ್ವಯುದ್ಧದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ಗುಂಡಿಟ್ಟು ಕೊಂದಿದ್ದ ಮಹಾನುಭಾವ! 1806ರಲ್ಲಿ ಸೆನೆಟ್ ಅವನ ಮಾತು ಕೇಳಿ ಆ ನಿಯಮ ತೆಗೆದುಹಾಕಿತು. ಕೆಳಮನೆಯವರು ಅದನ್ನು ಇಟ್ಟುಕೊಂಡರು, ಮುಂದೆ ಅದರಿಂದಲೇ ಚರ್ಚೆಗೆ ಕಡಿವಾಣ ಹಾಕಿದರು. ಹಳೇ ಮನೆ ಗುಡಿಸುವಾಗ ಇದ್ಯಾತಕ್ಕೆ ಅಂತ ಅಗುಳಿ ಕಿತ್ತು ಎಸೆದ ಹಾಗಾಯಿತು. ಅಗುಳಿ ಇಲ್ಲ ಅನ್ನುವುದು ಕಳ್ಳರಿಗೆ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು ಅಷ್ಟೇ.

1841ರಲ್ಲಿ ಹೆನ್ರಿ ಕ್ಲೇ ರಾಷ್ಟ್ರೀಯ ಬ್ಯಾಂಕಿನ ಮಸೂದೆ ತಂದಾಗ ಎದುರಾಳಿಗಳು ದಿನಗಟ್ಟಲೆ ಎಳೆದರು. ಚರ್ಚೆ ನಿಲ್ಲಿಸುವ ನಿಯಮ ತರುತ್ತೇನೆ ಅಂತ ಕ್ಲೇ ಬೆದರಿಸಿದ. ಅಲಬಾಮಾದ ವಿಲಿಯಂ ಕಿಂಗ್ ಎದ್ದು ಹೇಳಿದ್ದು ಇಷ್ಟು: ಹಾಗಾದರೆ ಚಳಿಗಾಲ ಮುಗಿಯುವವರೆಗೆ ಇಲ್ಲೇ ಇರಲು ನಿಮ್ಮ ವಸತಿಗೃಹದಲ್ಲಿ ರೂಮು ಗೊತ್ತು ಮಾಡಿಕೊಳ್ಳಿ. ಕ್ಲೇ ತಣ್ಣಗಾದ.

ಮೊದಲ ಅಗುಳಿ ಬಿದ್ದದ್ದು 1917ರಲ್ಲಿ. ಮಹಾಯುದ್ಧದ ಕಾಲ, ಜರ್ಮನಿಯ ಸಬ್‌ಮೆರೀನ್‌ಗಳ ಕಾಟ. ವ್ಯಾಪಾರದ ಹಡಗುಗಳಿಗೆ ತೋಪು ಕೊಡುವ ಮಸೂದೆಯನ್ನು ಹನ್ನೊಂದು ಜನ ಸೆನೆಟರುಗಳು ಅಧಿವೇಶನ ಮುಗಿಯುವವರೆಗೆ ಎಳೆದು ಸಾಯಿಸಿದರು. ಅಧ್ಯಕ್ಷ ವುಡ್ರೊ ವಿಲ್ಸನ್ ಕೆಂಡವಾದ. ನಾಲ್ಕೇ ದಿನದಲ್ಲಿ, ಮಾರ್ಚ್ 8ರಂದು, ಹೊಸ ನಿಯಮ ಬಂತು. ಮೂರನೇ ಎರಡು ಭಾಗ ಒಪ್ಪಿದರೆ ಚರ್ಚೆಗೆ ಮಿತಿ ಹಾಕಬಹುದು. ಇದಕ್ಕೆ ಕ್ಲೋಚರ್ ಅನ್ನುತ್ತಾರೆ.

ಈಗ ಬಾತ್‌ರೂಮ್. 1935ರಲ್ಲಿ ಲೂಸಿಯಾನಾದ ಹ್ಯೂಯಿ ಲಾಂಗ್ ಹದಿನೈದೂವರೆ ಗಂಟೆ ಮಾತಾಡಿದ. ವಿಷಯ ಖಾಲಿಯಾದಾಗ ಅಡುಗೆ ಹೇಳಿಕೊಟ್ಟ. ಸಿಂಪಿ ಕರಿಯುವುದು ಹೇಗೆ, ಸೊಪ್ಪು ಬೇಯಿಸಿ ಬಸಿದ ನೀರನ್ನು ಉಣ್ಣುವುದು ಹೇಗೆ ಅಂತ. ನಮ್ಮ ಬಸ್ಸಾರಿನ ಕಟ್ಟು ಅಂದುಕೊಳ್ಳಿ! ಕೊನೆಗೆ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅವನನ್ನು ಕೂರಿಸಿದ್ದು ಯಾವ ನಿಯಮವೂ ಅಲ್ಲ, ಪ್ರಕೃತಿಯ ಕರೆ.

ಅದರಿಂದ ಪಾಠ ಕಲಿತವನು ಸೌತ್ ಕ್ಯಾರೊಲಿನಾದ ಸ್ಟ್ರಾಮ್ ಥರ್ಮಂಡ್. 1957ರ ಆಗಸ್ಟ್ 28ರಂದು ಎದ್ದು ನಿಲ್ಲುವ ಮುಂಚೆ ಹಬೆಸ್ನಾನ ಮಾಡಿ ಮೈಯ ನೀರೆಲ್ಲ ಬೆವರಾಗಿ ಹರಿಸಿಕೊಂಡು ಬಂದಿದ್ದ. ಕುಡಿದ ನೀರು ಮೈಯೇ ಹೀರಿಕೊಳ್ಳಲಿ ಅಂತ. ಪಕ್ಕದ ಕೋಣೆಯಲ್ಲಿ ಸಹಾಯಕನೊಬ್ಬ ಬಕೆಟ್ ಹಿಡಿದು ನಿಂತಿದ್ದ. ಒಂದು ಕಾಲು ಸದನದೊಳಗೆ ಇದ್ದರೆ ಸಾಕು, ಮಾತು ಮುಂದುವರಿದ ಹಾಗೇ ಲೆಕ್ಕ ಅಂತ ಯೋಜನೆ. ಬಕೆಟ್ ಬೇಕಾಗಲಿಲ್ಲವಂತೆ. ಒಂದೊಂದೇ ರಾಜ್ಯದ ಚುನಾವಣಾ ಕಾನೂನು ಓದಿದ, ಸ್ವಾತಂತ್ರ್ಯ ಘೋಷಣೆ ಓದಿದ, ವಾಷಿಂಗ್ಟನ್‌ನ ವಿದಾಯ ಭಾಷಣ ಓದಿದ. 24 ಗಂಟೆ 18 ನಿಮಿಷ. ಕೂತ ಎರಡು ಗಂಟೆಯೊಳಗೆ ಮಸೂದೆ 60–15ರಲ್ಲಿ ಪಾಸಾಯಿತು.

ನಗು ಬರುತ್ತೆ, ಅಲ್ವಾ? ಆ ಮಸೂದೆ ಯಾವುದು ಗೊತ್ತಾ? ಕರಿಯರಿಗೆ ಮತದ ಹಕ್ಕನ್ನು ಕಾಪಾಡುವುದು.

ಪಾಳುಕೋಟೆ

ಅಕ್ಕ, 1908ರದ್ದು ಬಿಟ್ಟಿರಿ. ನನಗೆ ಅದೇ ಜಾಸ್ತಿ ಇಷ್ಟ. ಮೂವರು ಸೆನೆಟರುಗಳು ಸರದಿ ಮೇಲೆ ಮಾತಾಡಿ ಒಂದು ಬ್ಯಾಂಕಿಂಗ್ ಮಸೂದೆ ತಡೆಯೋಣ ಅಂತ ಹೊರಟರು. ಮೊದಲು ವಿಸ್ಕಾನ್ಸಿನ್‌ನ ಲಾ ಫಾಲೆಟ್, ಹದಿನೆಂಟು ಗಂಟೆಗೂ ಜಾಸ್ತಿ. ನಡುವೆ ಕ್ಯಾಂಟೀನಿನಿಂದ ತರಿಸಿದ ಹಾಲು ಮೊಟ್ಟೆಯ ಪಾನಕ ಕುಡಿದು ಹೊಟ್ಟೆ ಕೆಟ್ಟಿತು, ವಿಷ ಹಾಕಿದ್ದಾರೆ ಅಂತ ಗುಮಾನಿಯೂ ಆಯಿತು. ಕೊನೆಯ ಸರದಿ ಓಕ್ಲಹೋಮಾದ ಥಾಮಸ್ ಗೋರ್‌ದು. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನ ನಂತರ ಮತ್ತೆ ಮಾತಾಡಬೇಕಿದ್ದ, ಮೂವರಲ್ಲಿ ಇನ್ನೊಬ್ಬನಾದ ಸ್ಟೋನ್ ಬಂದು ಕೂತಿದ್ದಾನೆ ಅಂದುಕೊಂಡು ಗೋರ್ ಮಾತು ಮುಗಿಸಿ ಕೂತ. ಸ್ಟೋನ್ ಆಗಷ್ಟೇ ಹೊರಗೆ ಹೋಗಿದ್ದ. ಆ ಗಳಿಗೆ ಸಾಕಾಯಿತು. ಎದುರಿನವರು ಮತಕ್ಕೆ ಹಾಕಿಬಿಟ್ಟರು. ಅಷ್ಟು ಜನರ ಅಷ್ಟು ಗಂಟೆ ಒಂದು ಖಾಲಿ ಕುರ್ಚಿಯಿಂದ ಹೋಯಿತು.

ಎದುರುಪಾರ್ಟಿ

ಎಲ್ಲರೂ ಬೈಯುತ್ತಿದ್ದೀರಿ. ನಾನೊಬ್ಬ ಆ ಕಡೆ ನಿಲ್ಲುತ್ತೇನೆ. ಐವತ್ತೊಂದು ಜನ ಸೇರಿ ನಲವತ್ತೊಂಬತ್ತು ಜನರ ಮೇಲೆ ಬುಲ್ಡೋಜರ್ ಹತ್ತಿಸಿದರೆ ಅವರ ಕೈಯಲ್ಲಿ ಏನು ಉಳಿಯುತ್ತೆ? ಬಾಯಿ ಒಂದೇ.

ಐರ್ಲೆಂಡಿನ ಕಥೆ ನೋಡಿ. ಲಂಡನ್ ಸಂಸತ್ತಿನಲ್ಲಿ ಅವರು ಯಾವತ್ತಿಗೂ ಬಹುಮತ ಆಗುವ ಹಾಗಿರಲಿಲ್ಲ. ಬೆಲ್‌ಫಾಸ್ಟ್‌ನ ಜೋಸೆಫ್ ಬಿಗರ್, ಹಂದಿಮಾಂಸದ ವ್ಯಾಪಾರಿ, ವಾಗ್ಮಿ ಏನೂ ಅಲ್ಲ. 1875ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಮೇಲೆ ಬಿಗಿ ಕಾನೂನು ಹೇರುವ ಮಸೂದೆ ಬಂದಾಗ ಸರ್ಕಾರಿ ವರದಿಗಳ ಕಟ್ಟು ತಂದು ಸುಮಾರು ನಾಲ್ಕು ಗಂಟೆ ಓದಿದ. ‘ನಿಮ್ಮ ಮಾತು ನನಗೆ ಕೇಳಿಸುತ್ತಿಲ್ಲ’ ಅಂತ ಸ್ಪೀಕರ್ ಹೇಳಿ ಕೂರಿಸಲು ನೋಡಿದರು. ಬಿಗರ್ ತನ್ನ ಪುಸ್ತಕ, ಕಾಗದ ಎಲ್ಲ ಬಾಚಿಕೊಂಡು ಸ್ಪೀಕರ್ ಕುರ್ಚಿಯ ಹತ್ತಿರಕ್ಕೇ ಬಂದ. ಕೇಳಿಸದೇ ಹೋದದ್ದನ್ನು ಮತ್ತೆ ಓದಲು ತಯಾರಾಗಿ! ಮುಂದೆ ಐರಿಷ್ ಪಕ್ಷದ ನಾಯಕನಾದ ಪಾರ್ನೆಲ್ ಇದನ್ನೇ ಇಡೀ ಪಕ್ಷದ ಅಸ್ತ್ರ ಮಾಡಿಕೊಂಡ. 1881ರಲ್ಲಿ ಜನವರಿ 31ಕ್ಕೆ ಶುರುವಾದ ಕಲಾಪ ಫೆಬ್ರವರಿ 2ರ ಬೆಳಿಗ್ಗೆಯವರೆಗೆ ನಡೆಯಿತು, 41 ಗಂಟೆ. ಸ್ಪೀಕರ್ ಬ್ರ್ಯಾಂಡ್ ತಮ್ಮ ಸ್ವಂತ ಅಧಿಕಾರದ ಮೇಲೆ ಚರ್ಚೆ ನಿಲ್ಲಿಸಿದರು. ಅದಕ್ಕೆ ನಿಯಮದ ಆಧಾರವೇ ಇರಲಿಲ್ಲ. ಮರುವರ್ಷ ನಿಯಮ ಬಂತು.

ಸೋತರು, ಸರಿ. ಆದರೆ ಅಲ್ಲಿಯವರೆಗೆ ಐರ್ಲೆಂಡ್ ಮಾತು ಬಂದರೆ ಖಾಲಿಯಾಗುತ್ತಿದ್ದ ಸದನ ರಾತ್ರಿಯೆಲ್ಲ ಕೂತು ಕೇಳಬೇಕಾಯಿತು. ಅದು ಕಡಿಮೆಯಾ?

ಕಡಲತಡಿ

ಬಿಗರ್ ಕುರ್ಚಿ ಹತ್ತಿರ ಬಂದದ್ದು 🙏 ಇವನು ನಮ್ಮವನೇ.

ಓಹಾಯೋ_ಅಕ್ಕ

ಎದುರುಪಾರ್ಟಿಯವರೇ, ಐರಿಷ್ ಕಥೆ ಒಪ್ಪಿದೆ. ಆದರೆ ‘ಕಡಿಮೆ ಸಂಖ್ಯೆಯವರ ಅಸ್ತ್ರ’ ಅಂದಾಗ ಯಾವ ಕಡಿಮೆ ಸಂಖ್ಯೆಯವರು ಅಂತ ಕೇಳಬೇಕಾಗುತ್ತೆ. ಅಮೆರಿಕದ ಸೆನೆಟ್‌ನಲ್ಲಿ ಅದನ್ನು ಹೆಚ್ಚು ಕಾಲ ಹಿಡಿದುಕೊಂಡಿದ್ದವರು ಕರಿಯರಲ್ಲ. ಕರಿಯರನ್ನು ಮರಕ್ಕೆ ನೇತುಹಾಕುವ ಗುಂಪುಗಳ ವಿರುದ್ಧ ಕಾನೂನು ಬರದ ಹಾಗೆ ನೋಡಿಕೊಂಡವರು. 1922ರಲ್ಲಿ ಅಂಥ ಮಸೂದೆ ಕೆಳಮನೆಯಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ದಕ್ಷಿಣದವರು ಎಳೆದು ಕೊಂದರು. 1938ರಲ್ಲಿ ಮತ್ತೆ ಬಂತು, ವಾರಗಟ್ಟಲೆ ಮಾತಾಡಿ ಮತ್ತೆ ಕೊಂದರು. ಗುಂಪುಹತ್ಯೆ ಕೇಂದ್ರದ ಕಾನೂನಿನಲ್ಲಿ ಅಪರಾಧ ಆದದ್ದು 2022ರಲ್ಲಿ. ಲೆಕ್ಕ ಹಾಕಿ, ನೂರು ವರ್ಷ.

1917ರ ನಿಯಮ ಇದ್ದರೂ ನಾಗರಿಕ ಹಕ್ಕಿನ ಒಂದೇ ಒಂದು ಮಸೂದೆಯ ಮೇಲೂ 1964ರವರೆಗೆ ಚರ್ಚೆ ನಿಲ್ಲಿಸಲು ಮತ ಸಾಲಲಿಲ್ಲ. ಆ ವರ್ಷ ಅರವತ್ತು ದಿನ ಎಳೆದರು. ಜೂನ್ 10ರಂದು ಮತಕ್ಕೆ ಬಂತು. ಆ ಬೆಳಿಗ್ಗೆಯಷ್ಟೇ ರಾಬರ್ಟ್ ಬರ್ಡ್ 14 ಗಂಟೆ 13 ನಿಮಿಷದ ಭಾಷಣ ಮುಗಿಸಿ ಕೂತಿದ್ದರು. ಬೇಕಿದ್ದದ್ದು 67 ಮತ. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್‌ಗೆ ಮಿದುಳಿನಲ್ಲಿ ಗೆಡ್ಡೆ, ಮಾತು ಹೊರಡುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಹೆಸರು ಕೂಗಿದಾಗ ಬಾಯಿ ತೆರೆದರು, ಆಗಲಿಲ್ಲ. ನಿಧಾನಕ್ಕೆ ಕೈ ಎತ್ತಿ ಕಣ್ಣು ತೋರಿಸಿದರು. ಇಂಗ್ಲಿಷ್‌ನಲ್ಲಿ ‘ಹೌದು’ ಅನ್ನುವ ‘ಆಯ್’ಗೂ ಕಣ್ಣಿಗೂ ಉಚ್ಚಾರ ಒಂದೇ. ಮತ ಎಣಿಕೆಗೆ ಸೇರಿತು. 71–29. ಮುಂದಿನ ತಿಂಗಳು ಎಂಗಲ್ ತೀರಿಕೊಂಡರು.

ಅರವತ್ತು ದಿನ ಮಾತಾಡಿದವರನ್ನು ಮಾತೇ ಬರದ ಒಬ್ಬರು ಸೇರಿ ಸೋಲಿಸಿದ ಈ ಕಥೆ ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತೆ.

ಎದುರುಪಾರ್ಟಿ

ಒಪ್ಪುತ್ತೇನೆ ಮೇಡಂ. ಆದರೆ ಚಾಕು ಕೊಲೆಗೂ ಬಳಕೆಯಾಗುತ್ತೆ ಅಂತ ಅಡುಗೆಮನೆಯಿಂದ ತೆಗೆಯುತ್ತೀರಾ? 2013ರಲ್ಲಿ ಟೆಕ್ಸಾಸ್ ರಾಜ್ಯದ ಸೆನೆಟ್‌ನಲ್ಲಿ ವೆಂಡಿ ಡೇವಿಸ್ ಗರ್ಭಪಾತದ ಮೇಲೆ ನಿರ್ಬಂಧ ಹೇರುವ ಮಸೂದೆ ತಡೆಯಲು ಹನ್ನೊಂದು ಗಂಟೆಯ ಹತ್ತಿರ ನಿಂತರಲ್ಲ? ಗುಲಾಬಿ ಬಣ್ಣದ ಓಟದ ಶೂ ಹಾಕಿಕೊಂಡು. ಅಲ್ಲಿ ನಿಯಮ ಇನ್ನೂ ಬಿಗಿ. ಕೂರಬಾರದು, ಒರಗಬಾರದು, ತಿನ್ನಬಾರದು, ವಿಷಯ ಬಿಟ್ಟು ಹೋಗಬಾರದು. ಬೆನ್ನಿಗೆ ಪಟ್ಟಿ ಕಟ್ಟಿಕೊಳ್ಳಲು ಸಹೋದ್ಯೋಗಿ ನೆರವಾದದ್ದನ್ನೂ ಒಂದು ತಪ್ಪು ಅಂತ ಎಣಿಸಿದರು. ಮೂರು ತಪ್ಪು ಅಂತ ಹೇಳಿ ಮಾತು ನಿಲ್ಲಿಸಿದಾಗ ಗ್ಯಾಲರಿಯಲ್ಲಿದ್ದ ಜನ ಕೂಗಿ ಕೂಗಿ, ಅಧಿವೇಶನದ ಗಡುವಾದ ಮಧ್ಯರಾತ್ರಿ ದಾಟಿಸಿದರು. ಆ ರಾತ್ರಿ ಮಸೂದೆ ಬಿತ್ತು.

ಓಹಾಯೋ_ಅಕ್ಕ

ಮುಂದಿನ ತಿಂಗಳೇ ಪಾಸಾಯಿತು, ಅದನ್ನೂ ಹೇಳಿ 🙂 2016ರಲ್ಲಿ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿದ್ದು ಬೇರೆ ಮಾತು.

ಆದರೆ ನಿಮ್ಮ ಚಾಕುವಿನ ಮಾತು ನನ್ನ ಅಸಲಿ ತಕರಾರಿಗೆ ದಾರಿ ಮಾಡಿಕೊಟ್ಟಿತು. ಡೇವಿಸ್ ನಿಂತರು. ಥರ್ಮಂಡ್ ಕೂಡ, ಎಷ್ಟೇ ಕೆಟ್ಟ ಕಾರಣಕ್ಕಾದರೂ, ನಿಂತ. ಕಾಲು ನೋಯಬೇಕಿತ್ತು, ಗಂಟಲು ಒಣಗಬೇಕಿತ್ತು. ಅಷ್ಟು ಬೆಲೆ ಕೊಡಬೇಕು ಅಂದಾಗ ಜನ ಯೋಚಿಸಿ ಬಳಸುತ್ತಾರೆ.

1970ರ ದಶಕದ ಶುರುವಿನಲ್ಲಿ ಸೆನೆಟ್ ಬಹುಮತದ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಒಂದು ಉಪಾಯ ಮಾಡಿದರು. ಒಬ್ಬರು ಒಂದು ಮಸೂದೆ ತಡೆದರೆ ಉಳಿದ ಕೆಲಸವೆಲ್ಲ ಯಾಕೆ ನಿಲ್ಲಬೇಕು? ಅದನ್ನು ಪಕ್ಕಕ್ಕಿಟ್ಟು ಬೇರೆ ಹಳಿ ಮೇಲೆ ಬೇರೆ ಕೆಲಸ ನಡೆಸೋಣ. ಒಳ್ಳೆಯ ಉದ್ದೇಶವೇ. 1975ರಲ್ಲಿ ಚರ್ಚೆ ಮುಗಿಸಲು ಬೇಕಾದ ಸಂಖ್ಯೆಯನ್ನೂ 60ಕ್ಕೆ ಇಳಿಸಿದರು. ಆದರೆ ಆದದ್ದೇನು? ಈಗ ಯಾರೂ ನಿಲ್ಲಬೇಕಾಗಿಲ್ಲ. ‘ನಾವು ತಡೆಯುತ್ತೇವೆ’ ಅಂತ ತಿಳಿಸಿದರೆ ಸಾಕು, ಅರವತ್ತು ಮತ ಇಲ್ಲದ ಮಸೂದೆ ಕಪಾಟು ಸೇರುತ್ತೆ. ತಡೆಯುವವರು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಬಾತ್‌ರೂಮಿನ ಸಮಸ್ಯೆ ಬಗೆಹರಿಯಿತು ಹುಬ್ಬಳ್ಳಿಯವರೇ, ಅಲ್ಲಿಂದಲೇ ಕಾಯಿಲೆ ಜಾಸ್ತಿಯಾದದ್ದು. ನೂರು ಜನರ ಸದನದಲ್ಲಿ ಐವತ್ತೊಂದು ಬಹುಮತ ಅನ್ನುವುದು ಹೆಸರಿಗೆ ಮಾತ್ರ.

ಅದಕ್ಕೇ ತೂತು ಕೊರೆಯುತ್ತಾ ಬಂದರು. ಬಜೆಟ್‌ಗೆ ಸಂಬಂಧಿಸಿದ ಕೆಲವು ಮಸೂದೆಗಳಿಗೆ ಬೇರೆ ದಾರಿ, ಅಲ್ಲಿ ಸರಳ ಬಹುಮತ ಸಾಕು. 2013ರಲ್ಲಿ ಡೆಮಾಕ್ರಟಿಕ್ ಪಕ್ಷದವರು ಅಧಿಕಾರಿಗಳು ಮತ್ತು ಕೆಳಹಂತದ ನ್ಯಾಯಾಧೀಶರ ನೇಮಕಕ್ಕೆ ಅರವತ್ತರ ಕಟ್ಟು ತೆಗೆದರು. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟ್ ನೇಮಕಕ್ಕೂ ತೆಗೆದರು. ಮಾಮೂಲಿ ಕಾನೂನುಗಳಿಗೆ ಮಾತ್ರ ಇನ್ನೂ ಇದೆ. ಅಧಿಕಾರದಲ್ಲಿದ್ದಾಗ ಬೇಡ, ವಿರೋಧಪಕ್ಷದಲ್ಲಿ ಕೂತಾಗ ಬೇಕು. ಎರಡೂ ಪಕ್ಷದವರದ್ದೂ ಇದೇ ಹಾಡು.

ಥರ್ಮಂಡ್ ದಾಖಲೆ 68 ವರ್ಷ ನಿಂತಿತ್ತು. ಮುರಿದವರು ಕೋರಿ ಬುಕರ್, ಕರಿಯ ಸೆನೆಟರ್. 2025ರ ಮಾರ್ಚ್ 31ರ ಸಂಜೆಯಿಂದ ಮರುದಿನ ರಾತ್ರಿಯವರೆಗೆ, 25 ಗಂಟೆ 5 ನಿಮಿಷ. ಥರ್ಮಂಡ್ ಹಬೆಸ್ನಾನ ಮಾಡಿದರೆ ಇವರು ದಿನಗಟ್ಟಲೆ ಉಪವಾಸ ಮಾಡಿದರು, ನೀರೂ ಬಿಟ್ಟರು. ಎದುರಿಗೆ ತಡೆಯಬೇಕಾದ ಮಸೂದೆ ಇರಲಿಲ್ಲ, ಹಾಗಾಗಿ ಲೆಕ್ಕಕ್ಕೆ ಅದು ಫಿಲಿಬಸ್ಟರ್ ಅಲ್ಲ.

ಹುಬ್ಬಳ್ಳಿ_ಮಂಡಿ

ನಮ್ಮ ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಎಂಟು ತಾಸು ಮಾತಾಡಿದ್ದು ಇದೇ ಲೆಕ್ಕಕ್ಕೆ ಬರುತ್ತದೇನು? ಮತ್ತೆ ನಮ್ಮ ಲೋಕಸಭೆ, ವಿಧಾನಸಭೆಯಲ್ಲಿ ಇದು ಯಾಕೆ ನಡೆಯುವುದಿಲ್ಲ?

ಶೀಘ್ರಲಿಪಿ

ನಿವೃತ್ತ ಶೀಘ್ರಲಿಪಿಗಾರ ನಾನು. ಭಾಷಣಗಳನ್ನು ಬರೆದುಕೊಂಡೇ ಬೆರಳು ಸವೆದಿದೆ. ಹಾಗಾಗಿ ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ.

ಮೆನನ್ ಮಾತಾಡಿದ್ದು 1957ರ ಜನವರಿ 23 ಮತ್ತು 24ರಂದು, ಭದ್ರತಾ ಮಂಡಳಿಯಲ್ಲಿ. ಕುಸಿದು ಬಿದ್ದರು, ಚೇತರಿಸಿಕೊಂಡು ಬಂದು ಮುಂದುವರಿಸಿದರು. ನಿರ್ಣಯ 24ರಂದೇ ಪಾಸಾಯಿತು. ಭಾರತದ ವಾದವನ್ನು ಪೂರ್ತಿ ದಾಖಲೆಗೆ ಸೇರಿಸುವುದು ಅವರ ಉದ್ದೇಶ ಅಂತ ನಾನು ತಿಳಿದಿದ್ದೇನೆ. ಉದ್ದ ಭಾಷಣ ಎಲ್ಲವೂ ಫಿಲಿಬಸ್ಟರ್ ಅಲ್ಲ.

ನಮ್ಮಲ್ಲಿ ಯಾಕಿಲ್ಲ? ಗಡಿಯಾರ ಸದಸ್ಯರ ಕೈಯಲ್ಲಿ ಇಲ್ಲ, ಅದಕ್ಕೆ. ಯಾವ ಮಸೂದೆಗೆ ಎಷ್ಟು ಗಂಟೆ ಅಂತ ಕಲಾಪ ಸಲಹಾ ಸಮಿತಿಯೇ ಗೊತ್ತು ಮಾಡುತ್ತೆ. ಪಕ್ಷದ ಬಲ ನೋಡಿ ಸಮಯ ಹಂಚುತ್ತಾರೆ. ಹೊತ್ತು ಮೀರಿದರೆ ಪೀಠದಿಂದ ಗಂಟೆ ಬಾರಿಸುತ್ತಾರೆ, ಮೈಕ್ ಇನ್ನೊಬ್ಬರಿಗೆ ಹೋಗುತ್ತೆ. ಬಜೆಟ್ ಬೇಡಿಕೆಗಳಿಗಂತೂ ಗಿಲೋಟಿನ್ ಇದೆ. ಕೊನೆಯ ದಿನ ಚರ್ಚೆಯಾಗದೇ ಉಳಿದ ಕೋಟಿ ಕೋಟಿಯೆಲ್ಲ ಒಂದೇ ಏಟಿಗೆ ಮತಕ್ಕೆ ಬೀಳುತ್ತೆ. ಮಾತಿನಿಂದ ತಡೆಯಲು ದಾರಿ ಇಲ್ಲದಾಗ ಏನು ಮಾಡುತ್ತಾರೆ? ಬಾವಿಗಿಳಿಯುತ್ತಾರೆ, ಫಲಕ ಹಿಡಿಯುತ್ತಾರೆ, ಅಹೋರಾತ್ರಿ ಧರಣಿ ಕೂರುತ್ತಾರೆ. ಮಾತು ಹೆಚ್ಚಾಗಿ ಅಲ್ಲ, ಮಾತೇ ನಡೆಯದ ಹಾಗೆ ಮಾಡಿ ನಿಲ್ಲಿಸುವುದು ನಮ್ಮ ಪದ್ಧತಿ.

ಆದರೆ ಕರ್ನಾಟಕ ವಿಧಾನಸಭೆಯಲ್ಲಿ ಒಂದು ಸಲ ಅಸಲಿಗೆ ಹತ್ತಿರದ್ದು ನಡೆಯಿತು, 2019ರ ಜುಲೈನಲ್ಲಿ. ಹದಿನೈದು ಅತೃಪ್ತ ಶಾಸಕರನ್ನು ಸದನಕ್ಕೆ ಬರಲೇಬೇಕು ಅಂತ ಒತ್ತಾಯಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 17ಕ್ಕೆ ಹೇಳಿತ್ತು. 18ಕ್ಕೆ ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತದ ಪ್ರಸ್ತಾವ ಮಂಡಿಸಿದರು. ಸಂಖ್ಯೆ ಕಡಿಮೆ ಇದ್ದದ್ದು ಆಡಳಿತ ಪಕ್ಷಕ್ಕೆ. ಹಾಗಾಗಿ ಎಳೆಯಬೇಕಾದವರೂ ಅವರೇ. ವಿಪ್‌ನ ಗತಿಯೇನು ಅಂತ ಸಿದ್ದರಾಮಯ್ಯ ಕ್ರಿಯಾಲೋಪ ಎತ್ತಿದರು. ಅದರ ಮೇಲೇ ಗಂಟೆಗಟ್ಟಲೆ ಹೋಯಿತು. ರಾಜ್ಯಪಾಲರು 19ರ ಮಧ್ಯಾಹ್ನ ಒಂದೂವರೆಯೊಳಗೆ ಮುಗಿಸಿ ಅಂದರು, ಆಗಲಿಲ್ಲ. ಸಂಜೆಯೊಳಗೆ ಅಂದರು, ಅದೂ ಆಗಲಿಲ್ಲ. ವಿರೋಧಪಕ್ಷದ ಬಿಜೆಪಿಯವರು ಮೊದಲ ರಾತ್ರಿ ವಿಧಾನಸೌಧದಲ್ಲೇ ಮಲಗಿದರು. ಚರ್ಚೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ತಾವು ಮಾತಾಡಿದಷ್ಟೂ ಮತ ತಡವಾಗುತ್ತೆ ಅನ್ನುವುದು ಅವರಿಗೆ ಗೊತ್ತಿತ್ತು. ಆಡಳಿತ ಪಕ್ಷ ಮಾತಾಡುತ್ತಲೇ ಇದೆ, ವಿರೋಧಪಕ್ಷ ಮೌನ! ಅಂಥದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. 23ರ ಸಂಜೆ ಮತಕ್ಕೆ ಹಾಕಿದಾಗ 99–105. ಸರ್ಕಾರ ಬಿತ್ತು.

ಯಾರು ಸರಿ ಅಂತ ಇಲ್ಲಿ ಶುರು ಮಾಡಬೇಡಿ ದಯವಿಟ್ಟು. ನಾನು ಹೇಳುತ್ತಿರುವುದು ಪಟ್ಟಿನ ಬಗ್ಗೆ.

ಕಡಲತಡಿ

ಸಾರ್, ಆ ನಾಲ್ಕು ದಿನ ಟಿವಿ ಆರಿಸಿರಲಿಲ್ಲ ನಮ್ಮ ಮನೆಯಲ್ಲಿ. ಅಡುಗೆ ಒಲೆ ಮೇಲೆ, ಅಮ್ಮ ಟಿವಿ ಮುಂದೆ.

ಪಾಳುಕೋಟೆ

ಮಾತಾಡದೆಯೂ ಎಳೆಯಬಹುದು ಅನ್ನುವುದಕ್ಕೆ ಇನ್ನೆರಡು ಉದಾಹರಣೆ ಕೊಟ್ಟು ಸುಮ್ಮನಾಗುತ್ತೇನೆ.

ಜಪಾನಿನಲ್ಲಿ ಎತ್ತಿನ ನಡಿಗೆ ಅಂತ ಇದೆ. ಮತ ಹಾಕಲು ಸದಸ್ಯರು ಎದ್ದು ಮುಂದೆ ಹೋಗಬೇಕು. ಹೋಗುತ್ತಾರೆ, ಒಂದೊಂದು ಹೆಜ್ಜೆಗೂ ನಿಂತು ನಿಂತು, ಗಾಣದೆತ್ತಿಗಿಂತ ನಿಧಾನ. 1992ರಲ್ಲಿ ಸೈನ್ಯವನ್ನು ವಿದೇಶಕ್ಕೆ ಶಾಂತಿಪಾಲನೆಗೆ ಕಳಿಸುವ ಮಸೂದೆಗೆ ಸಮಾಜವಾದಿಗಳು ಹೀಗೆ ಮಾಡಿದರು. ಮತ ಹಾಕುವುದೇ ರಾತ್ರಿಯೆಲ್ಲ ನಡೆಯಿತು.

ಎರಡನೆಯದು ಕೆನಡಾದ್ದು. 1997ರಲ್ಲಿ ಒಂಟಾರಿಯೋ ಸರ್ಕಾರ ಟೊರಾಂಟೊ ಸುತ್ತಲಿನ ಪುರಸಭೆಗಳನ್ನೆಲ್ಲ ಸೇರಿಸಿ ಒಂದೇ ಮಹಾನಗರ ಮಾಡಲು ಹೊರಟಿತು. ಮಾತಿಗೆ ಮಿತಿ ಇತ್ತು, ತಿದ್ದುಪಡಿಗೆ ಇರಲಿಲ್ಲ. ವಿರೋಧಪಕ್ಷ ಸಾವಿರಾರು ತಿದ್ದುಪಡಿ ಕೊಟ್ಟಿತು. ಊರಿನ ಒಂದೊಂದು ಬೀದಿಗೂ ಒಂದೊಂದು! ಎಲ್ಲದರಲ್ಲೂ ಒಕ್ಕಣೆ ಒಂದೇ, ಇಂಥ ಬೀದಿಯ ನಿವಾಸಿಗಳನ್ನು ಕೇಳಿಯೇ ಮುಂದುವರಿಯಬೇಕು ಅಂತ. ಬೀದಿ ಹೆಸರು ಮಾತ್ರ ಬೇರೆ. ಅಕ್ಷರಮಾಲೆಯ ಪ್ರಕಾರ ಹಗಲು ರಾತ್ರಿ ಓದಿದರು. ಸರ್ಕಾರದವರು ಪ್ರತಿಯೊಂದಕ್ಕೂ ‘ಬೇಡ’ ಅನ್ನಬೇಕು. ಕೇಫನ್ ಕೋರ್ಟ್ ಅನ್ನುವ ಬೀದಿ ಬಂದಾಗ ನಿದ್ದೆಗಣ್ಣಲ್ಲಿ ಮರೆತರು. ಆ ಬೀದಿಯವರ ತಿದ್ದುಪಡಿ ಪಾಸಾಗಿಬಿಟ್ಟಿತು, ಆಮೇಲೆ ಸರಿಪಡಿಸಿದರು. ಕೊನೆಯ ಬೀದಿ ಜೋರಾ ಸ್ಟ್ರೀಟ್ ಮುಟ್ಟುವ ಹೊತ್ತಿಗೆ ದಿನಗಳೇ ಕಳೆದಿದ್ದವು. ಮಸೂದೆ ಪಾಸಾಯಿತು. ಇವತ್ತಿನ ಟೊರಾಂಟೊ ಅದೇ.

ಉದ್ದ ಭಾಷಣದಲ್ಲಿ ನನ್ನ ಹೀರೊ ಮಾತ್ರ ವಿಯೆನ್ನಾದ ಒಟ್ಟೋ ಲೆಕರ್. 1897ರಲ್ಲಿ ಆಸ್ಟ್ರಿಯಾದ ಪ್ರಧಾನಿ ಬಡೇನಿ, ಬೊಹೀಮಿಯಾದ ಸರ್ಕಾರಿ ನೌಕರರಿಗೆ ಜರ್ಮನ್ ಜತೆ ಚೆಕ್ ಭಾಷೆಯೂ ಬರಬೇಕು ಅಂತ ಆಜ್ಞೆ ಮಾಡಿದ. ಕಚೇರಿಯಲ್ಲಿ ಜನರ ಭಾಷೆ ಅನ್ನುವ ಜಗಳ ನಮಗೆ ಹೊಸದಲ್ಲ ಬಿಡಿ. ಜರ್ಮನ್ ಸದಸ್ಯರು ಸಿಟ್ಟಿಗೆದ್ದು ಹಂಗೇರಿ ಜತೆಗಿನ ಒಪ್ಪಂದದ ನವೀಕರಣವನ್ನೇ ತಡೆಯಲು ನಿಂತರು. ಲೆಕರ್ ಹನ್ನೆರಡು ಗಂಟೆ ಮಾತಾಡಿದ. ಸುತ್ತಲೂ ಕೂಗಾಟ, ಮೇಜು ಬಡಿತ. ಆದರೂ ಒಪ್ಪಂದದ ವಿಷಯ ಬಿಟ್ಟು ಆಚೀಚೆ ಹೋಗಲಿಲ್ಲ. ಆಗ ವಿಯೆನ್ನಾದಲ್ಲಿದ್ದ ಮಾರ್ಕ್ ಟ್ವೇನ್ ಇದನ್ನೆಲ್ಲ ಬೆರಗಾಗಿ ಬರೆದಿದ್ದಾನೆ. ನವೆಂಬರ್‌ನಲ್ಲಿ ಸದನದೊಳಗೆ ಪೊಲೀಸರು ನುಗ್ಗಿದರು, ಬೀದಿ ಹೊತ್ತಿಕೊಂಡಿತು, ಬಡೇನಿ ಮನೆಗೆ ಹೋದ. ಲೆಕರ್ ಕಡೆಯವರ ಉದ್ದೇಶ ನನಗೆ ಒಪ್ಪಿಗೆ ಇಲ್ಲ. ಆದರೆ ಬಸ್ಸಾರು ಮಾಡುವುದು ಹೇಗೆ ಅಂತ ಹೇಳದೇ ಹನ್ನೆರಡು ಗಂಟೆ ಮಾತಾಡುವುದು ತಮಾಷೆಯಲ್ಲ.

ಎದುರುಪಾರ್ಟಿ

ದಕ್ಷಿಣ ಕೊರಿಯಾ ಬಿಟ್ಟಿರಿ. 2016ರಲ್ಲಿ ಭಯೋತ್ಪಾದನೆ ತಡೆ ಮಸೂದೆಯ ವಿರುದ್ಧ 38 ಸದಸ್ಯರು ಒಬ್ಬರಾದ ಮೇಲೆ ಒಬ್ಬರು 192 ಗಂಟೆ. ಮಸೂದೆ ಪಾಸಾಯಿತು ಅಂತ ಅಕ್ಕ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಓಹಾಯೋ_ಅಕ್ಕ

😄 ಆದರೆ ಅವರು ನಿಂತು ಮಾತಾಡಿದರಲ್ಲ, ಅದಕ್ಕೆ ನನ್ನ ತಕರಾರಿಲ್ಲ.

ಬಿ_ಬ್ಲಾಕ್_ಬಡಪಾಯಿ

ಎರಡು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ನಿನ್ನೆ ಸಭೆ ನಡೆಯಿತು. ಶೀಘ್ರಲಿಪಿ ಸಾರ್ ಮಾತು ಕೇಳಿ ಸಮಿತಿಯವರಿಗೆ ಹೇಳಿ ಮೊದಲೇ ನಿಯಮ ಮಾಡಿಸಿದೆ. ಒಬ್ಬರಿಗೆ ಮೂರು ನಿಮಿಷ. ಸ್ಟೀಲ್ ಲೋಟ, ಚಮಚ ಇಟ್ಟುಕೊಂಡು ಗಂಟೆ ಬಾರಿಸುವ ಕೆಲಸ ನನ್ನದೇ. ಅಂಕಲ್ ಎದ್ದರು. ಎರಡು ನಿಮಿಷ ಐವತ್ತು ಸೆಕೆಂಡಿಗೆ ಮಾತು ಮುಗಿಸಿ ಕೂತರು. ನಾನು ಗೆದ್ದೆ ಅಂದುಕೊಂಡೆ.

ಆಮೇಲೆ ಚೀಲದಿಂದ ಒಂದು ಫೈಲು ತೆಗೆದು ಕಾರ್ಯದರ್ಶಿಯ ಮುಂದೆ ಇಟ್ಟರು. ನಮ್ಮಲ್ಲಿರುವುದು 84 ಫ್ಲ್ಯಾಟ್. ಫೈಲಿನಲ್ಲಿ 84 ತಿದ್ದುಪಡಿ. ‘ಎ-101ರ ನಿವಾಸಿಗಳನ್ನು ಕೇಳಿಯೇ ಶುಲ್ಕ ಏರಿಸತಕ್ಕದ್ದು’, ‘ಎ-102ರ ನಿವಾಸಿಗಳನ್ನು ಕೇಳಿಯೇ...’ ಒಂದೊಂದನ್ನೂ ಓದಿ ಮತಕ್ಕೆ ಹಾಕಬೇಕಂತೆ. ಒಂಬತ್ತಕ್ಕೆ ಹಾಲ್‌ನವನು ಫ್ಯಾನ್ ಆರಿಸಿದಾಗ ನಾವಿನ್ನೂ ಬಿ-204ರಲ್ಲಿದ್ದೆವು.

ನನಗೆ ಒಂದೇ ಅನುಮಾನ. ಟೊರಾಂಟೊ ಕಥೆ ಅವರಿಗೆ ಹೇಳಿದವರು ಯಾರು?

ಮೂರನೇ_ಮಹಡಿ

ಹೊಸ ಸದಸ್ಯ. ಮೂರು ವಾರದಿಂದ ಓದುತ್ತಿದ್ದೇನೆ, ಒಳ್ಳೆಯ ಚರ್ಚೆ. ಎರಡೇ ಮಾತು ಹೇಳ್ತೀನಿ.